ಮೇಷ್ಟ್ರು ಎಳೆದ ಗೆರೆಗಳು

ಮೊನ್ನೆ ಮಂಡ್ಯದ ನಮ್ಮ ಆಫೀಸಿನ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ಯಾರೋ ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೆ ಬಿಸಿ ಧೂಳಿನ ವಾಸನೆ ಬಂತು. ನನಗೆ ಹುಟ್ಟಿನಿಂದ ಕಣ್ಣು ಕಾಣದು, ನೆನಪುಗಳೆಲ್ಲ ಮೂಗು, ಕಿವಿಯ ದಾರಿಯಲ್ಲೇ ಬರುವುದು. ಮದ್ದೂರಿನ ಕಾಲೇಜು, ಅಲ್ಲಿನ ಕಂಪ್ಯೂಟರ್ ಕೋಣೆ, ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಕೆಮಿಸ್ಟ್ರಿ ಮೇಷ್ಟ್ರು... ಹಿಂದೆಯೇ ಆ ದಿನದ ನಾಚಿಕೆಯೂ ಬಂತು.

ನಾನು ಮಳವಳ್ಳಿ ಕಡೆಯವಳು. ಪಿಯುಸಿಗೆ ಸೈನ್ಸೇ ಬೇಕೆಂದು ಹಟ ಹಿಡಿದಿದ್ದೆ. ಬೋರ್ಡು ಕಾಣದ ಹುಡುಗಿಗೆ ಕೆಮಿಸ್ಟ್ರಿ ಹೇಗೆ ಕಲಿಸುವುದು ಎಂದು ಪ್ರಿನ್ಸಿಪಾಲರು ಕೇಳಿದಾಗ, "ಸೇರಿಸ್ಕಳಿ ಸಾ, ನಾನಿಲ್ವಾ?" ಎಂದವರು ಮೇಷ್ಟ್ರು.

ಅಣುಗಳ ರಚನೆಗಳನ್ನೆಲ್ಲ ಅವರು ವರ್ಷಗಳಿಂದ ಕಂಪ್ಯೂಟರಿನಲ್ಲೇ ಬರೆದಿಟ್ಟಿದ್ದರು. ಸುತ್ತಮುತ್ತಲ ಕಾಲೇಜುಗಳ ಪ್ರಶ್ನೆಪತ್ರಿಕೆಗೂ ಅವೇ ಹೋಗುತ್ತಿದ್ದವು. ಈಗ ಅವುಗಳನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಒಂದು ಗುರುತಿನ ಭಾಷೆಗೆ ಬದಲಾಯಿಸಬಹುದೆಂದು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದರು. ಯಾವ ಪರಮಾಣು ಯಾವುದಕ್ಕೆ ಅಂಟಿದೆ ಎಂಬುದು ಅದರಲ್ಲಿ ಅಕ್ಷರಗಳಲ್ಲೇ ಇರುತ್ತದೆ, ಮಾತಾಡುವ ಕಂಪ್ಯೂಟರ್ ನನಗೆ ಅದನ್ನು ಓದಿ ಹೇಳುತ್ತದೆ. ಅದು ಆದರೆ ನನ್ನ ಸೀಟು ಉಳಿಯುತ್ತಿತ್ತು, ಇಲ್ಲದಿದ್ದರೆ ಆರ್ಟ್ಸೇ ಗತಿ.

ಪ್ರಿನ್ಸಿಪಾಲರನ್ನೂ ಉಳಿದ ಮೇಷ್ಟ್ರುಗಳನ್ನೂ ಕೂರಿಸಿಕೊಂಡು ಮೊದಲ ಫೈಲನ್ನು ಬದಲಾಯಿಸಿದರು. ಯಂತ್ರದ ದನಿ ಗೆರೆ, ಗೆರೆ, ಗೆರೆ ಎಂದು ಓದತೊಡಗಿತು. ಪರಮಾಣು ಒಂದೂ ಇಲ್ಲ. ಇನ್ನೊಂದು ಫೈಲು ತೆಗೆದರು, ಅದರಲ್ಲೂ ಬರೀ ಗೆರೆ. ರಚನೆ ಬರೆಯುವ ಆ ಸಾಫ್ಟ್‌ವೇರಿನಲ್ಲಿ ಪರಮಾಣುಗಳನ್ನು ಅಂಟಿಸುವ ಬಂಧ ಎಳೆಯುವುದಕ್ಕೇ ಬೇರೆ ಗುಂಡಿಯಿತ್ತಂತೆ. ತಾವಾಗಿಯೇ ಕಲಿತಿದ್ದ ಮೇಷ್ಟ್ರು ಅಷ್ಟು ವರ್ಷವೂ ಸಾದಾ ಗೆರೆ ಎಳೆದು, ಪಕ್ಕದಲ್ಲಿ ಅಕ್ಷರ ಕೂರಿಸಿದ್ದರು. ನೋಡುವವರ ಕಣ್ಣಿಗೆ ಅದು ಅಣು, ಕಂಪ್ಯೂಟರಿಗೆ ಬರೀ ಗೀಚು.

ಕ್ಲಾಸಿನಲ್ಲಿ "ಚಿತ್ರ ಬುಡಿಸ್ಬೇಡ ಕಣ್ಲಾ, ರಚನೆ ಬರಿ" ಎಂದು ಹುಡುಗರನ್ನು ಬೈಯುತ್ತಿದ್ದವರು ಅವರೇ.

"ಏನ್ ಸಾ, ಡ್ರಾಯಿಂಗ್ ಮೇಷ್ಟ್ರಾಗ್ಬುಟ್ರಾ?" ಎಂದರು ಫಿಸಿಕ್ಸಿನವರು. ಎಲ್ಲರೂ ನಕ್ಕರು. ನಾನು ಸೈನ್ಸ್ ಕೇಳದೇ ಇದ್ದಿದ್ದರೆ ಆ ಗೆರೆಗಳು ಅವರ ಮರ್ಯಾದೆಯ ಜೊತೆ ತಣ್ಣಗೆ ಇರುತ್ತಿದ್ದವು ಅನಿಸಿ, ಕೂತಲ್ಲೇ ಕುಗ್ಗಿಹೋದೆ. ಮೇಷ್ಟ್ರ ದನಿ ಮಾತ್ರ ತೀರಾ ಸಣ್ಣಗೆ ಕೇಳಿತು. "ದಸರಾ ತಂಕ ಟೈಮ್ ಕೊಡಿ ಸಾ. ಮಗು ಸೀಟು ಕೀಳ್ಬೇಡಿ."

ಕೊಟ್ಟರು. ಮೇಷ್ಟ್ರು ಅಷ್ಟನ್ನೂ ಮೊದಲಿನಿಂದ ಬರೆದರು. ಇಂಗಾಲಕ್ಕೆ ಇಂಗಾಲ, ಅದಕ್ಕೆ ಆಮ್ಲಜನಕ ಎಂದು ಯಂತ್ರ ಓದುತ್ತಾ ಹೋಯಿತು, ನಾನು ಬೆರಳಲ್ಲಿ ಮೇಜಿನ ಮೇಲೆ ಅದನ್ನೇ ಎಳೆದುಕೊಳ್ಳುತ್ತಾ ಕಲಿತೆ. ಸೀಟೂ ಉಳಿಯಿತು, ಪಾಸೂ ಆದೆ. ಆದರೆ ಮೇಷ್ಟ್ರು ಮತ್ತೆ ನನ್ನ ಪಕ್ಕ ಕೂರಲೇ ಇಲ್ಲ. ನಾನು ಬರುವ ಮೊದಲೇ ಫೈಲುಗಳನ್ನು ಹಾಕಿಟ್ಟು ಹೋಗಿಬಿಡುತ್ತಿದ್ದರು.

ಅವರು ಬಲಗಾಲನ್ನು ಕೊಂಚ ಎಳೆದು ನಡೆಯುವವರು. ಕಾರಿಡಾರಿನಲ್ಲಿ ಆ ಚಪ್ಪಲಿ ಸದ್ದು ದೂರದಿಂದ ಬರುತ್ತಿತ್ತು. ನನ್ನ ಹತ್ತಿರ ಬರುತ್ತಲೇ ನಿಲ್ಲುತ್ತಿತ್ತು. ಆಮೇಲೆ ಉಸಿರು ಬಿಗಿಹಿಡಿದು, ಕಾಲೆತ್ತಿ ಎತ್ತಿ ಇಟ್ಟು ದಾಟಿಹೋಗುತ್ತಿದ್ದರು... ನಾನೂ ಗೋಡೆಯ ಕಡೆ ಮುಖ ಮಾಡಿ ಸುಮ್ಮನೆ ನಿಂತಿರುತ್ತಿದ್ದೆ. ಒಂದು ನಮಸ್ಕಾರ ಹೇಳಲೂ ನಾಚಿಕೆ.

ಆ ವಾಸನೆ ಬಂದ ಮೇಲೆ ತಡೆಯಲಾಗಲಿಲ್ಲ. ಭಾನುವಾರ ಮದ್ದೂರಿನ ಹತ್ತಿರವೇ ಇರುವ ಮೇಷ್ಟ್ರ ಊರು ಕೊಪ್ಪದ ಬಸ್ಸು ಹತ್ತಿ, ಅವರ ಮನೆ ಕೇಳಿಕೊಂಡು ಹೋದೆ. ಮೇಷ್ಟ್ರು ತೀರಿಕೊಂಡು ವರ್ಷವೇ ಆಗಿತ್ತು.

ಅವರ ಹೆಂಡತಿ ನನ್ನ ಕೈ ಹಿಡಿದು ಕೂರಿಸಿದರು. "ನಿನ್ ಮಾತು ಆಡ್ತಿದ್ರು ಕಣಮ್ಮ. ಮಾತಾಡ್ಸಕ್ಕೆ ನಾಚ್ಕೆಯಾಗಿ, ಸದ್ದು ಮಾಡ್ದಂಗೆ ನಿನ್ ಪಕ್ಕದಲ್ಲೇ ಓಗ್ಬುಡೋರಂತೆ. ಸದ್ಯ, ಆ ಮಗೀಗೆ ಗೊತ್ತಾಯ್ತಿರ್ಲಿಲ್ಲ ಅನ್ನೋರು." ಹಿಡಿದ ಕೈ ಬಿಡದೆ ಕೇಳಿದರು, "ನಿಂಗೆ ಗೊತ್ತಾಯ್ತಿತ್ತಾ?"

"ಇಲ್ಲಮ್ಮ," ಎಂದೆ. "ಒಂದ್ ದಿನಾನೂ ಗೊತ್ತಾಗ್ನಿಲ್ಲ."