ಕಾರ್ಬನ್ ಪ್ರತಿಯಲ್ಲಿ ಮೂಡದ ಮೈನಸ್

೧೯೭೯ರಲ್ಲಿ ಠಾಣೆ-ಬೇಲಾಪುರ ರಸ್ತೆಯ ಒಂದು ರಾಸಾಯನಿಕ ಕಾರ್ಖಾನೆಯ ಲ್ಯಾಬಿನಲ್ಲಿ ನಾವು ಮೂವರಿದ್ದೆವು: ಮುಖ್ಯಸ್ಥರಾದ ಜೋಶಿ ಸಾಹೇಬರು, ವಿಜಾಪುರ ಕಡೆಯ ಬಸವರಾಜ ಪಾಟೀಲರು, ಮತ್ತೆ ಕುಂದಾಪುರದಿಂದ ಬಂದು ಡೊಂಬಿವಲಿಯಲ್ಲಿ ಸಂಸಾರ ಹೂಡಿದ್ದ ನಾನು. ಎರಡು ವರ್ಷದಲ್ಲಿ ಸೀನಿಯರ್ ಕೆಮಿಸ್ಟ್ ಹುದ್ದೆಯೊಂದು ಖಾಲಿಯಾಗಲಿತ್ತು. ಅದಕ್ಕೆ ಎಂ.ಎಸ್ಸಿ. ಬೇಕು. ಪಾಟೀಲರೂ ನಾನೂ ಸಂಜೆಯ ಪಾರ್ಟ್ ಟೈಮ್ ತರಗತಿಗೆ ಸೇರಿದೆವು.

ತೊಡಕೆಲ್ಲ ಪಾಳಿಯದು. ಬೆಳಗಿನ ಪಾಳಿ ಮೂರಕ್ಕೆ ಮುಗಿದರೆ ಎರಡನೆಯದು ಮೂರಕ್ಕೆ ಶುರು, ವಾರಕ್ಕೊಮ್ಮೆ ಅದಲುಬದಲು. ಒಬ್ಬರು ತರಗತಿಯಲ್ಲಿದ್ದರೆ ಇನ್ನೊಬ್ಬರು ಲ್ಯಾಬಿನಲ್ಲಿ. ಹಾಗಾಗಿ ಹೋದವರು ಹಾಳೆಯಡಿ ಕಾರ್ಬನ್ ಇಟ್ಟು ನೋಟ್ಸ್ ಬರೆದು, ಮರುದಿನ ಪಾಳಿ ಬದಲಾಗುವಾಗ ಪ್ರತಿಯನ್ನು ಮತ್ತೊಬ್ಬರಿಗೆ ಕೊಡುವುದೆಂದು ಮಾತಾಯಿತು.

ಮೊದಲ ವರ್ಷ ಪಾಟೀಲರಿಗೆ ನನಗಿಂತ ಹನ್ನೊಂದು ಅಂಕ ಹೆಚ್ಚು ಬಂತು. “ಕಾಯ್ ಐತಾಳ್, ಗುರು ಮಾಗೇ, ಚೇಲಾ ಪುಢೇ!” ಎಂದು ಜೋಶಿ ಸಾಹೇಬರು ನೋಟ್ಸ್ ಕೊಡುವ ನನ್ನನ್ನು ಗುರುವಾಗಿಸಿ ಹಿಂದಿಟ್ಟು, ಪಾಟೀಲರನ್ನು ಶಿಷ್ಯನಾಗಿಸಿ ಮುಂದಿಟ್ಟರು. ನಾನೂ ನಕ್ಕೆ. ಒಳಗೆ ಮಾತ್ರ, ನನ್ನ ನೋಟ್ಸ್ ಓದಿ ನನಗಿಂತ ಹೆಚ್ಚೇ ಎಂದು ಉರಿಯುತ್ತಿತ್ತು. ಅವರ ನೋಟ್ಸನ್ನು ನಾನೂ ಓದಿದ್ದೆ ಎಂಬುದು ಆಗ ನೆನಪಾಗಲಿಲ್ಲ.

ಎರಡನೇ ವರ್ಷ ನಾನು ಪೆನ್ನು ಒತ್ತುವುದನ್ನು ಕಡಿಮೆ ಮಾಡಿದೆ. ಪ್ರತಿ ಕೊಡುತ್ತಲೇ ಇದ್ದೆ; ಯಾರೂ ದೂರುವಂತಿರಲಿಲ್ಲ.

“ಐತಾಳ್ರ, ಕಾರ್ಬನ್ ಹಳೇದಾತೇನ್ರೀ? ಅಕ್ಷರ ಉಪವಾಸ ಬಿದ್ದಾವ!” ಎಂದರು ಪಾಟೀಲರು.

“ಹೌದು ಮಾರಾಯ್ರೆ,” ಎಂದೆ. ಮರುದಿನ ಅವರೇ ಹೊಸ ಕಾರ್ಬನ್ ಪ್ಯಾಕೆಟ್ ತಂದುಕೊಟ್ಟರು. ನಾನು ಇನ್ನೂ ಹಗುರಾಗಿ ಬರೆದೆ.

ಪರೀಕ್ಷೆಯ ಹಿಂದಿನ ಭಾನುವಾರ ಕೋಪರಿಯ ಅವರ ಮನೆಗೆ ಊಟಕ್ಕೆ ಕರೆದಿದ್ದರು. ಅವರ ಹೆಂಡತಿ ಸುಮಿತ್ರಾ ಕಿಟಕಿಯ ಬಳಿ ಕೂತು ನನ್ನ ಮಸುಕು ಅಕ್ಷರಗಳ ಮೇಲೆ ಶಾಯಿಯಲ್ಲಿ ತಿದ್ದುತ್ತಿದ್ದರು.

“ನನಗೇನೂ ತಿಳಿಯೂದಿಲ್ರೀ ಅಣ್ಣಾರ, ಕಂಡಷ್ಟು ತಿದ್ದೀನಿ. ಕಂಪನಿ ಬಸ್ಸಿನ್ಯಾಗ ಓದಿ ಇವರ ಕಣ್ಣು ನೋಯ್ತಾವ. ಒಂದ್ಸಲ ನೋಡ್ರಿ, ತಪ್ಪಿದ್ರ ಹೇಳ್ರಿ.”

ಥರ್ಮೊಡೈನಮಿಕ್ಸ್ ಹಾಳೆಗಳು. ಶಾಖ ಹೊರಗೆ ಹೋಯಿತೋ ಒಳಗೆ ಬಂತೋ ಎಂದು ಹೇಳುವುದು ಅಂಕಿಯ ಮುಂದಿನ ಪುಟ್ಟ ಮೈನಸ್ ಗೀಟು. ಆ ಗೀಟುಗಳು ಕಾರ್ಬನ್ನಿನಲ್ಲಿ ಮೂಡಿರಲೇ ಇಲ್ಲ. ಮೂಡದ್ದನ್ನು ಆಕೆ ತಿದ್ದುವುದಾದರೂ ಹೇಗೆ?

“ಅವರು ಬರದದ್ದು ಅವರಿಗೇ ಏನ್ ತೋರಸ್ತಿ? ಊಟಕ್ಕ ಹಾಕು,” ಎಂದರು ಪಾಟೀಲರು.

“ಎಲ್ಲ ಸರಿ ಉಂಟು ಅಮ್ಮಾ,” ಎಂದೆ. ಎರಡನೇ ಸಲವೂ ಹೋಳಿಗೆ ಹಾಕಿಸಿಕೊಂಡೆ.

ಪಾಟೀಲರು ಆ ಒಂದು ಪೇಪರಿನಲ್ಲಿ ನಾಲ್ಕು ಅಂಕಗಳಿಂದ ಫೇಲಾದರು. “ಮೈನಸ್ ಮರತೇನ್ರೀ, ಲೆಕ್ಕ ಎಲ್ಲಾ ಉಲ್ಟಾ ಆದ್ವು. ತಪ್ಪು ನಂದ,” ಎಂದರು. ಹುದ್ದೆ ನನಗೆ ಬಂತು. ಮೊದಲು ಕೈಕುಲುಕಿದವರೂ ಅವರೇ.

ಪಾಳಿಯ ಪಟ್ಟಿ ಈಗ ನನ್ನ ಕೈಯಲ್ಲಿತ್ತು. ದಿನವೂ ಸಂಜೆ ತರಗತಿಗೆ ಹೋಗಲೆಂದು ಮುಂದಿನ ಪರೀಕ್ಷೆಯವರೆಗೆ ಅವರಿಗೆ ಬೆಳಗಿನ ಪಾಳಿಯನ್ನೇ ಹಾಕಿ, ಎರಡನೆಯದನ್ನು ನಾನು ಇಟ್ಟುಕೊಂಡೆ. ನಡೆದದ್ದನ್ನು ಹೇಳುವ ಧೈರ್ಯ ಬರಲಿಲ್ಲ. ಲ್ಯಾಬಿಗೆ ಹೊಸದಾಗಿ ಬಂದವರಿಗೆಲ್ಲ ನಿವೃತ್ತಿಯಾಗುವವರೆಗೆ ಒಂದು ಮಾತು ಹೇಳಿದ್ದೇನೆ: ರೀಡಿಂಗ್ ಬರೆಯುವಾಗ, ಮುಂದಿನ ಪಾಳಿಯವರು ನಿಮ್ಮನ್ನು ಕೇಳದೆ ಓದುವಂತಿರಲಿ.

ಫೇಲಾದ ಮರುವರ್ಷವೇ ಪಾಟೀಲರು ಪಾಸಾದರು. ಪೇಢಾ ಡಬ್ಬಿ ಹಿಡಿದು ನೇರ ನನ್ನ ಮೇಜಿಗೇ ಬಂದರು. ಒಂದನ್ನು ಬಾಯಿಗೆ ಹಾಕಿಕೊಂಡು, ಥರ್ಮೊಡೈನಮಿಕ್ಸ್ ಪೇಪರಿನಲ್ಲಿ ಎಷ್ಟು ಬಂತೆಂದು ಕೇಳಿದೆ. ಹೇಳಿದರು. ನನಗಿಂತ ಎರಡು ಹೆಚ್ಚು.

ಇನ್ನೊಂದು ಪೇಢಾ ಕೊಡಲು ಬಂದರು. ಸಾಕು ಎಂದೆ.