ಹಿಂದೆ ತಿರುಗಬೇಡಿ, ಭಾವ

ಫ್ಲೈಯಿಂಗ್ ಕ್ಲಬ್ಬಿನ ವಿದ್ಯಾರ್ಥಿಗಳು ಅವಳ ಬೆನ್ನ ಹಿಂದೆ ‘ಮೂಗು ಟೀಚರ್’ ಎನ್ನುತ್ತಿದ್ದರು. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದೊಂದು ಕಾರಣ. ಪಾಠ ಹೇಳುವಾಗ ದಿನಕ್ಕೆ ನೂರು ಸಲ ‘ಮೂಗು ಕೆಳಗೆ! ಮೂಗು ಕೆಳಗೆ!’ ಎಂದು ವಿಮಾನದ ಮೂಗಿಗಾಗಿ ಗಂಟಲು ಹರಿದುಕೊಳ್ಳುತ್ತಿದ್ದಳು, ಅದು ಇನ್ನೊಂದು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಬಿದ್ದರೆ ಬೀಳಲಿ, ಪಾಠವಾದರೂ ನೆನಪಿರುತ್ತದಲ್ಲ ಎಂದು ಸುಮ್ಮನಿದ್ದಳು.

ಪಾಠ ಇಷ್ಟೇ. ಒಂಟಿ ಎಂಜಿನ್ನಿನ ಪುಟ್ಟ ವಿಮಾನ ಮೇಲೇರುವಾಗ ಎಂಜಿನ್ ಕೈಕೊಟ್ಟರೆ ತಕ್ಷಣ ಮೂಗು ತಗ್ಗಿಸಬೇಕು. ಆಗ ವೇಗ ಉಳಿಯುತ್ತದೆ, ವಿಮಾನ ತೇಲುತ್ತ ಇಳಿಯುತ್ತದೆ. ಎದುರಿಗೆ ಹೊಲವೋ ಬಯಲೋ ಏನು ಸಿಕ್ಕಿತೋ ಅಲ್ಲಿ ಇಳಿಸಬೇಕು. ಬಿಟ್ಟುಬಂದ ರನ್‌ವೇಗೆ ವಾಪಸ್ ಹೋಗುತ್ತೇನೆ ಎನ್ನಬಾರದು. ಅಷ್ಟು ಕೆಳಗಿದ್ದಾಗ ತಿರುಗಿಸಿದರೆ ಅರ್ಧ ದಾರಿಯಲ್ಲೇ ಎತ್ತರ ಮುಗಿದುಹೋಗುತ್ತದೆ. ಬೇರೆಯವರಿಗೆ ಇದು ವಾರದೊಳಗೆ ತಲೆಗೆ ಹತ್ತುತ್ತಿತ್ತು. ಅವಳ ಭಾವನಿಗೆ ಮಾತ್ರ ವರ್ಷವಾದರೂ ಹತ್ತಿರಲಿಲ್ಲ.

ಭಾವ, ಅಂದರೆ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಜೀವಮಾನವೆಲ್ಲ ಬಾಯಿ ತೆರೆದುಕೊಂಡು ಕೂತವರ ಜೊತೆಯಲ್ಲೇ ಮಾತಾಡಿದವರು. ಎದುರುತ್ತರ ಕೇಳಿ ಅಭ್ಯಾಸವೇ ಇಲ್ಲ. ತಲೆ ನರೆತ ಮೇಲೆ ಹಳೆಯದೊಂದು ಎರಡು ಸೀಟಿನ ವಿಮಾನ ಕೊಂಡು, ಹಾರಲು ಕಲಿಸು ಎಂದು ನಾದಿನಿಯ ಮುಂದೆಯೇ ಬಂದು ನಿಂತರು. ಕೈ ಚೆನ್ನಾಗಿತ್ತು, ಅದನ್ನು ಅವಳೂ ಒಪ್ಪುತ್ತಿದ್ದಳು. ಆದರೆ ಮೇಲೇರುವಾಗ ಅವಳು ಹೇಳದೆ ಕೇಳದೆ ಥ್ರಾಟಲ್ ಎಳೆದು ಎಂಜಿನ್ನಿನ ಸದ್ದಡಗಿಸಿದರೆ ಸಾಕು, ಭಾವನ ಕತ್ತು ಹಿಂದಕ್ಕೆ ಹೊರಳುತ್ತಿತ್ತು. ಕತ್ತಿನ ಜೊತೆಗೆ ವಿಮಾನವೂ.

“ಹಿಂದೆ ತಿರುಗಬೇಡಿ ಭಾವ!”

“ಅಲ್ಲೇ ಇದೆಯಲ್ಲಮ್ಮ ರನ್‌ವೇ. ಅಷ್ಟು ಒಳ್ಳೆ ಜಾಗ ಬಿಟ್ಟು ಯಾರದೋ ಹೊಲಕ್ಕೆ ಯಾಕೆ ಹೋಗ್ಲಿ?”

ಬೇರೆ ಯಾರಾದರೂ ಆಗಿದ್ದರೆ ಜನ್ಮ ಜಾಲಾಡುತ್ತಿದ್ದಳು. ಭಾವನಿಗೆ ಏನೆನ್ನುವುದು? ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿಂದ ಹೇಳುತ್ತಿದ್ದಳು. ಅವಳು ಸಹಿ ಹಾಕಿದರೆ ಭಾವ ಪರೀಕ್ಷೆಗೆ ಕೂರಬಹುದು, ಪಾಸಾದರೆ ಪಕ್ಕದಲ್ಲಿ ಜನ ಕೂರಿಸಿಕೊಂಡು ಹಾರಬಹುದು. ಆ ಸೀಟಿನಲ್ಲಿ ಮೊದಲು ಕೂರುವವಳು ತಮ್ಮ ಹೆಂಡತಿಯೇ ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ತಾಯಿ ಇಲ್ಲದ ಮನೆಯಲ್ಲಿ ಅವಳಿಗೆ ತಲೆ ಬಾಚಿ, ತುತ್ತಿಟ್ಟು ಬೆಳೆಸಿದವಳು ಅಕ್ಕ. ಅದಕ್ಕೇ ಅವಳ ಪೆನ್ನು ಮೇಲೇಳುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಅವಳು ಥ್ರಾಟಲ್ ಮುಟ್ಟದೆಯೇ ಎಂಜಿನ್ ನಿಂತಿತು. ರನ್‌ವೇ ದಾಟಿ ಆಗಷ್ಟೇ ಮರಗಳ ಮೇಲೆ ಬಂದಿದ್ದರು. ಎಂಜಿನ್ ಎರಡು ಸಲ ಕೆಮ್ಮಿತು, ಪ್ರೊಪೆಲ್ಲರ್ ಕಣ್ಣೆದುರೇ ಸ್ತಬ್ಧವಾಯಿತು. ಭಾವ ಚುಕ್ಕಾಣಿಯನ್ನು ಎದೆಗೆಳೆದುಕೊಂಡು ಎಡಕ್ಕೆ ತಿರುವಿದರು. ವಿಮಾನ ಗಡಗಡ ನಡುಗಿತು.

“ಬಿಡೋ ಕೈ!” ಎಂದು ಕಿರುಚಿ ಅವಳು ತನ್ನ ಕಡೆಯ ಚುಕ್ಕಾಣಿಯನ್ನು ಮುಂದಕ್ಕೆ ನೂಕಿದಳು. ಮೂಗು ತಗ್ಗಿತು, ರೆಕ್ಕೆ ಮಟ್ಟಸವಾಯಿತು. ಎದುರಿಗೆ ಕಟಾವಾದ ಹೊಲ. ಪೆಟ್ರೋಲ್ ಬಂದ್ ಮಾಡಿದಳು, ಸ್ವಿಚ್ ಆರಿಸಿದಳು, ಬಾಗಿಲ ಚಿಲಕ ತೆಗೆದಳು, ಅಷ್ಟರಲ್ಲಿ ನೆಲ ಬಂತು. ವಿಮಾನ ಎರಡು ಸಲ ಪುಟಿದು, ಮುಂದಿನ ಚಕ್ರ ಬದುವಿಗೆ ಬಡಿದು ಮುರಿದು, ಮೂಗೂರಿ ನಿಂತಿತು. ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ.

ಉಪಕಾರ ಸ್ಮರಣೆ ಹಾಳಾಗಲಿ, ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. ಭಾವ ಹೊಲದ ನಡುವೆ ನಿಂತು ಹಿಂದಕ್ಕೆ ನೋಡಿ, “ಅಲ್ಲೇ ಕಾಣಿಸ್ತಿದೆ ನೋಡು. ನನ್ನ ಪಾಡಿಗೆ ಬಿಟ್ಟಿದ್ರೆ ಚಕ್ರ ಉಳೀತಿತ್ತು” ಎಂದರು. ಸಂಜೆ ಹೊತ್ತಿಗೆ ಕ್ಲಬ್ಬಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅಕ್ಕನ ಅಡುಗೆಮನೆಯಲ್ಲಂತೂ ಪಂಚಾಯಿತಿ ಬೇರೆಯೇ ವಿಷಯಕ್ಕೆ ನಡೆದಿತ್ತು.

“ಭಾವನ್ನ ‘ಬಿಡೋ’ ಅಂದ್ಯಂತೆ?” ಎಂದಳು ಅಕ್ಕ, ಪಾತ್ರೆ ಉಜ್ಜುವುದನ್ನು ನಿಲ್ಲಿಸಿ.

“ಸಾಯೋಕೆ ಹೊರಟಿರೋವಾಗ ಬಹುವಚನ ಹುಡುಕ್ಕೊಂಡು ಕೂರ್ಲಾ ಅಕ್ಕ?”

“ಬೆಳಗಿಂದ ಅವರು ಊಟ ಮುಟ್ಟಿಲ್ಲ. ಸಹಿ ಹಾಕಿಬಿಡೇ, ಅವರಿಗೂ ಸಮಾಧಾನ ಆಗ್ಲಿ. ಹೇಗೂ ಏನೂ ಆಗ್ಲಿಲ್ವಲ್ಲ.”

ಏನೂ ಆಗಲಿಲ್ಲವಂತೆ! ಅವಳಿಗೆ ಸಿಟ್ಟಿನಲ್ಲಿ ಅಳುವೇ ಬಂತು. ಸತ್ತಿದ್ದರೆ ಎಲ್ಲರೂ ನಂಬುತ್ತಿದ್ದರು. ಬದುಕಿದ್ದರಿಂದ ಮುರಿದ ಚಕ್ರವೊಂದೇ ಎಲ್ಲರ ಕಣ್ಣಿಗೆ ಬೀಳುತ್ತಿದೆ. ಆಗದೇ ಹೋದ ಸಾವನ್ನು ಯಾರಿಗೆ, ಹೇಗೆ ತೋರಿಸುವುದು?

ತೋರಿಸಿಯೇ ಬಿಡುತ್ತೇನೆ ಎಂದು ಹಟ ತೊಟ್ಟಳು. ಮುಂದಿನ ವಾರ ಕ್ಲಬ್ಬಿನ ನಾಲ್ಕು ಸೀಟಿನ ವಿಮಾನದಲ್ಲಿ ಭಾವನನ್ನು ಎಡಗಡೆ, ಅಕ್ಕನನ್ನು ಹಿಂದೆ ಕೂರಿಸಿಕೊಂಡು ತುಂಬ ಎತ್ತರಕ್ಕೆ ಹೋದಳು.

“ಅಕ್ಕ, ಎತ್ತರ ತೋರಿಸೋ ಈ ಮುಳ್ಳು ನೋಡ್ತಿರು. ಮೂರು ಸಾವಿರ ಅಡೀನೇ ಇವತ್ತು ನೆಲ ಅಂದ್ಕೋ. ಭಾವ, ಆ ನೆಲದಿಂದ ಮೇಲೇರಿ. ಹೋದ ವಾರ ಎಷ್ಟು ಎತ್ತರದಲ್ಲಿದ್ವೋ ಅಷ್ಟಕ್ಕೆ ಬಂದಾಗ ಎಂಜಿನ್ ತಗ್ಗಿಸ್ತೀನಿ. ನಿಮ್ಮಿಷ್ಟದ ಹಾಗೆ ತಿರುಗಿಸಿ.”

ಭಾವ ಹುಮ್ಮಸ್ಸಿನಿಂದ ತಿರುಗಿಸಿದರು. ಚೆನ್ನಾಗಿಯೇ ತಿರುಗಿಸಿದರು. ಅರ್ಧ ತಿರುಗುವಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ ಬಂತು: “ಏನ್ರೀ, ನಾವಾಗ್ಲೇ ನೆಲದೊಳಗಿದ್ದೀವಿ.”

“ಇನ್ನೊಂದ್ಸಲ” ಎಂದರು ಭಾವ. ಇನ್ನೊಂದು ಸಲವೂ ನೆಲದೊಳಗೇ. ಮೂರನೆಯ ಸಲ ಸಿಟ್ಟಿನಿಂದ ಬಿಗಿಯಾಗಿ ಎಳೆದರು. ವೇಗ ಸಾಲದೆ ಒಂದು ರೆಕ್ಕೆ ದಬಕ್ಕನೆ ಕುಸಿದು ವಿಮಾನ ಪಕ್ಕಕ್ಕೆ ಉರುಳತೊಡಗಿತು. ಅವಳೇ ಸರಿ ಮಾಡಬೇಕಾಯಿತು. ಇಳಿಯುವ ತನಕ ಅಕ್ಕ ಮುಂದಿನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದೇ ಇದ್ದಳು.

ಈಗಲಾದರೂ ಒಪ್ಪುತ್ತಾರೆ ಎಂದುಕೊಂಡಳು. ಭಾವ ಕನ್ನಡಕ ಒರೆಸಿಕೊಳ್ಳುತ್ತ, “ಈ ವಿಮಾನ ಭಾರ ಕಣಮ್ಮ, ಮೂರು ಜನ ಬೇರೆ. ನನ್ನದು ಹಗುರ, ಅದರಲ್ಲಾಗಿದ್ರೆ ಬರ್ತಿತ್ತು. ನೀನು ಸಹಿ ಹಾಕದಿದ್ರೆ ಬೇಡ ಬಿಡು, ಬೇರೆ ಕ್ಲಬ್ಬಲ್ಲಿ ಮಾತಾಡಿದ್ದೀನಿ” ಎಂದವರೇ ಕಾರಿನತ್ತ ನಡೆದರು.

ಅವಳು ಕೈಲಿದ್ದ ಹೆಡ್‌ಫೋನನ್ನು ನೆಲಕ್ಕೆ ಬಡಿದಳು. ವರ್ಷವಿಡೀ ಬಡಕೊಂಡಿದ್ದೆಲ್ಲ ನೀರುಪಾಲು. “ಅಕ್ಕ, ಅವರಂತೂ ಕೇಳಲ್ಲ. ನೀನಾದ್ರೂ ಆ ಸೀಟಲ್ಲಿ ಕೂರಲ್ಲ ಅಂತ ಮಾತು ಕೊಡು. ನನಗಷ್ಟು ಸಾಕು.”

ಅಕ್ಕ ಗಂಡ ಹೋದ ಕಡೆಗೇ ನೋಡುತ್ತಿದ್ದಳು. ಮುಖ ಇನ್ನೂ ಬಿಳಿಚಿಕೊಂಡಿತ್ತು.

“ನೀನು ಒಂದು ವರ್ಷದಿಂದ ಹೇಳ್ತಿದ್ದೀಯ, ನಾನು ಮದುವೆಯಾದಾಗಿನಿಂದ ಹೇಳ್ತಿದ್ದೀನಿ. ಹೋಗೇ ಹೋಗ್ತಾರೆ. ಒಬ್ಬರನ್ನೇ ಕಳಿಸೋಕಾಗುತ್ತೇನೇ?”

“ಅಂದ್ರೆ?”

ಅಕ್ಕ ಮತ್ತೆ ವಿಮಾನ ಹತ್ತಿದಳು. ಈ ಸಲ ಹಿಂದಿನ ಸೀಟಿಗಲ್ಲ, ಬಲಗಡೆಯ ಸೀಟಿಗೆ, ತಂಗಿ ಕೂರುವ ಜಾಗಕ್ಕೆ. ಕೂತು ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದಳು.

“ಅವರು ಹಿಂದೆ ತಿರುಗಿದ್ರೆ ನಾನು ಎಷ್ಟು ಜೋರಾಗಿ ನೂಕಬೇಕು, ತೋರಿಸು” ಎಂದಳು.