ಕೊಟ್ಟವಳು ಕೇಳಿದ್ದು

ಹನುಮಸಾಗರದ ಆಚೆಯ ಆ ಊರಲ್ಲಿ ಮಾಳವ್ವ ಎಂದರೆ ಯಾವ ಮಾಳವ್ವ ಎಂದು ಯಾರೂ ಕೇಳುವುದಿಲ್ಲ. ತಮ್ಮನಿಗೆ ಕಿಡ್ನಿ ಕೊಟ್ಟ ಮಾಳವ್ವ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಮ್ಮ ಯಮನೂರಪ್ಪನ ಜೊತೆ ಕುರಿ ಕಾಯುತ್ತ, ಹೊಲದಿಂದ ಹೊಲಕ್ಕೆ ಕುರಿಹಟ್ಟಿ ಹಾಕುತ್ತ ಬದುಕು ಸವೆಸಿದವಳು. ಅಂಥವಳಿಗೆ ಐವತ್ತರ ಹೊಸ್ತಿಲಲ್ಲಿ ಊರು ಒಮ್ಮಿಂದೊಮ್ಮೆಲೇ ಮರ್ಯಾದೆ ಕೊಡತೊಡಗಿತು. ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟರು. ಕುಲದ ಹಿರಿಯರು ಕರೆದು ಹೊಸ ಕಂಬಳಿ ಹೊದಿಸಿದರು. ಬೇಡ ಬೇಡ ಎನ್ನುತ್ತಲೇ ಮಾಳವ್ವ ಹೊದ್ದುಕೊಂಡಳು, ಒಳಗೊಳಗೇ ಹಿಗ್ಗಿದಳು ಕೂಡ. ಅದನ್ನು ತಪ್ಪೆನ್ನಲು ನಾವ್ಯಾರು?

ಹುಬ್ಬಳ್ಳಿಯ ಡಾಕ್ಟರು ಒಂದು ಮಾತನ್ನು ಒತ್ತಿ ಹೇಳಿದ್ದರು. ಬೇರೆಯವರ ಕಿಡ್ನಿಯ ಮೇಲೆ ಮೈ ತಿರುಗಿಬೀಳದಿರಲೆಂದು ಯಮನೂರಪ್ಪ ಜೀವವಿರುವ ತನಕ ಗುಳಿಗೆ ನುಂಗಬೇಕು. ಆ ಗುಳಿಗೆ ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತದೆ. ಆದ್ದರಿಂದ ಹಟ್ಟಿಯ ಕಡೆ ತಲೆ ಹಾಕಿ ಮಲಗಲೂ ಬಾರದು. ಹುಟ್ಟು ಕುರಿಗಾರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆದರೂ ಡಾಕ್ಟರು ಹೇಳಿದಂತೆ ಅವನು ಕೇಳಿದ. ಮನೆಯ ಮುಂದೆ ಕೂತು ಹಗ್ಗ ಹೊಸೆಯತೊಡಗಿದ.

ಎರಡು ಸಾವಿರದ ಹದಿನೈದರ ಬೇಸಿಗೆಯಲ್ಲಿ ಕುರಿಗಳಿಗೆ ವಿಪರೀತ ಉಣ್ಣಿ ಹತ್ತಿದವು. ಔಷಧ ಬಳಿದರೂ ಕಿವಿಯ ಮಡಿಕೆಯಲ್ಲಿ, ಬಾಲದ ಬುಡದಲ್ಲಿ ಕಚ್ಚಿ ರಕ್ತ ಹೀರುತ್ತಿದ್ದ ಆ ಹುಳಗಳು ಜಗ್ಗಲಿಲ್ಲ. ಕುರಿಗಾರರು ಅವನ್ನು ಬೆರಳಿಂದ ಕಿತ್ತು, ಎರಡು ಉಗುರುಗಳ ನಡುವೆ ಇಟ್ಟು ಚಟ್ಟನೆ ಒಡೆಯುತ್ತಾರೆ. ಯಮನೂರಪ್ಪನದು ಅದರಲ್ಲಿ ಪಳಗಿದ ಕೈ. ಮಾಳವ್ವನ ಕಣ್ಣು ಮಂಜಾಗಿತ್ತು. ರಕ್ತವಿಲ್ಲದೆ ಮರಿಗಳು ಕಾಲು ಮಡಚತೊಡಗಿದಾಗ ಅವಳು ತಮ್ಮನನ್ನು ಕರೆದಳು.

"ಡಾಕ್ಟರು ಬ್ಯಾಡ ಅಂದಾರಲ್ಲಕ್ಕ," ಎಂದು ಅವನು ತಡವರಿಸಿದ.

"ನನ್ನ ಕಿಡ್ನಿ ಇಟ್ಕೊಂಡು ನೆಳ್ಳಾಗ ಕುಂತಿ. ನನ್ನ ಮರಿ ಸಾಯೋದು ನಿನಗ ಕಾಣವಲ್ದೇನು?"

ಯಮನೂರಪ್ಪ ಎದ್ದು ಹಟ್ಟಿಗೆ ಹೋದ. ಹೊತ್ತು ಮುಳುಗುವ ತನಕ ಉಣ್ಣಿ ಕಿತ್ತ. ಮಾತು ಬಾಯಿ ದಾಟಿದ ಕೂಡಲೇ ಮಾಳವ್ವ ನಾಲಗೆ ಕಚ್ಚಿಕೊಂಡಿದ್ದಳು. ಆದರೆ ಕೆಲಸ ಸಾಗುತ್ತಿತ್ತಲ್ಲ, ಅವನನ್ನು ತಿರುಗಿ ಕರೆಯಲಿಲ್ಲ.

ವಾರದೊಳಗೆ ಅವನಿಗೆ ಜ್ವರ ಬಂತು, ತಲೆ ಸಿಡಿಯುವಂಥ ಜ್ವರ. ಕುಷ್ಟಗಿಯಲ್ಲಿ ಇಳಿಯದಿದ್ದಾಗ ಹುಬ್ಬಳ್ಳಿಗೆ ಒಯ್ದರು. ರಕ್ತ ಪರೀಕ್ಷೆ ನೋಡಿ ಡಾಕ್ಟರು, ಕಿಡ್ನಿಯ ಕೆಲಸ ಕುಂದಿದೆ ಎಂದರು. ಮೈ ಅದನ್ನು ಒಲ್ಲೆ ಎನ್ನುತ್ತಿದ್ದರೆ ಇನ್ನೂ ಜೋರಾದ ಔಷಧ ಕೊಡಬೇಕು. ಆದರೆ ಎಲ್ಲಿಂದಲೋ ಸೋಂಕು ತಗಲಿದ್ದರೆ ಅದೇ ಔಷಧ ಜೀವಕ್ಕೆ ಎರವಾದೀತು.

"ಕುರಿ ಹತ್ರ ಏನಾದ್ರೂ ಹೋಗಿದ್ರೇನು?" ಎಂದು ಡಾಕ್ಟರು ಕೇಳಿದರು.

"ಇಲ್ರಿ," ಎಂದ ಯಮನೂರಪ್ಪ, ಕಣ್ಣು ಮುಚ್ಚಿಕೊಂಡೇ.

ಮಾಳವ್ವ ಅಲ್ಲೇ ಇದ್ದಳು. ನರ್ಸೊಬ್ಬಳು ಅವಳ ಗುರುತು ಹಿಡಿದು, "ತಮ್ಮಗ ಕಿಡ್ನಿ ಕೊಟ್ಟವ್ರು ಇವ್ರ ನೋಡ್ರಿ," ಎಂದು ಪಕ್ಕದ ಮಂಚದವರಿಗೆ ತೋರಿಸಿ ಕುರ್ಚಿ ಹಾಕಿಕೊಟ್ಟಿದ್ದಳು. ಆ ಕುರ್ಚಿಯ ಮೇಲೆ ಕೂತು, ಈಗ ಬಾಯಿ ಬಿಟ್ಟರೆ ಈ ಮಂದಿಯ ಮುಂದೆ ಮುಖ ಎತ್ತುವುದು ಹೇಗೆ ಎಂದು ಮಾಳವ್ವ ಯೋಚಿಸಿದಳು. ಹೌದು, ತಮ್ಮನ ಜೀವವನ್ನು ಒಂದು ಕಡೆ, ತನ್ನ ಮರ್ಯಾದೆಯನ್ನು ಇನ್ನೊಂದು ಕಡೆ ಇಟ್ಟು ತೂಗಿದಳು. ಆಡಿದ ಮಾತಿಗಿಂತ ಹೀಗೆ ತೂಗುತ್ತ ಕೂತದ್ದೇ ಅವಳನ್ನು ಆಮೇಲೆ ಹೆಚ್ಚು ಸುಟ್ಟಿತು. ಡಾಕ್ಟರು ಬಾಗಿಲು ದಾಟಿದ್ದರು, ಅವಳು ಎದ್ದು ಓಡಿದಳು.

"ಹೋಗಿದ್ದನ್ರಿ. ಉಣ್ಣಿ ಕಿತ್ತಾನ್ರಿ, ಉಗುರಿನಾಗ ಒಡದಾನ್ರಿ. ನಾನ ಕಳಿಸೀನ್ರಿ."

ಡಾಕ್ಟರು ವಾಪಸು ಬಂದು ಹೊದಿಕೆ ಸರಿಸಿದರು. ಅಂಗಾಲಿನಲ್ಲಿ ಸಣ್ಣ ಕೆಂಪು ಕಲೆಗಳು ಎದ್ದಿದ್ದವು. ತೊಡೆಸಂದಿಯಲ್ಲಿ, ಉಣ್ಣಿ ಕಚ್ಚಿದ ಕಡೆ, ಒಂದು ಕಪ್ಪು ಹಕ್ಕಳೆ. ಇದು ಉಣ್ಣಿಯಿಂದ ಬಂದ ಜ್ವರ ಎಂದು ಜೋರಾದ ಔಷಧವನ್ನು ಬದಿಗಿಟ್ಟು ಬೇರೆ ಗುಳಿಗೆ ಶುರು ಮಾಡಿಸಿದರು. ಕೆಲವೇ ದಿನಗಳಲ್ಲಿ ಜ್ವರ ಬಿಟ್ಟಿತು, ಕಿಡ್ನಿಯೂ ಉಳಿಯಿತು.

ಬೇಡವೆಂದರೂ ಹೋಗಿ, ಮೇಲೆ ಸುಳ್ಳು ಬೇರೆ ಹೇಳಿದನೆಂದು ಡಾಕ್ಟರು ಯಮನೂರಪ್ಪನನ್ನು ಗದರಿದರು.

"ಆಕಿ ಕೊಟ್ಟಾಕಿರಿ. ಆಕಿ ಬಾ ಅಂದ್ರ ಒಲ್ಲೆ ಅನ್ನಾಕ ನನಗ ಬಾಯಿ ಎಲ್ಲೈತ್ರಿ," ಎಂದ ಅವನು. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಮಾಳವ್ವ ಜಗಳವಾಡಿಯಾದರೂ ಹಗುರಾಗುತ್ತಿದ್ದಳು.

ಊರು ಈಗಲೂ ಅವಳಿಗೆ ಕೈಮುಗಿಯುತ್ತದೆ, ಅವಳು ತಲೆ ತಗ್ಗಿಸಿ ಮುಂದೆ ಹೋಗುತ್ತಾಳೆ. ಎಷ್ಟು ವಿನಯ ನೋಡು ಎನ್ನುತ್ತಾರೆ ಮಂದಿ. ಮೊನ್ನೆ ಬಿಸಿಲಲ್ಲಿ ಕುರಿ ಹೊಡೆದುಕೊಂಡು ಬಂದವಳು ಪಡಸಾಲೆಯಲ್ಲಿ ಕುಸಿದು ಕೂತಳು. ಗಂಟಲು ಒಣಗಿತ್ತು. ನೀರಿನ ಕೊಡ ಯಮನೂರಪ್ಪನ ಪಕ್ಕದಲ್ಲೇ ಇತ್ತು.

"ನೀರು ಕೊಡ್ಲೇನಕ್ಕ?" ಎಂದ ಅವನು.

"ಬ್ಯಾಡಪ್ಪ," ಎಂದಳು ಮಾಳವ್ವ. ಅವನು ಹಿತ್ತಲಿಗೆ ಎದ್ದು ಹೋಗುವ ತನಕ ಕಾದು, ಆಮೇಲೆ ತಾನೇ ಕೊಡ ಬಗ್ಗಿಸಿಕೊಂಡು ಕುಡಿದಳು.